ರಟ್ಟಿನ ಕಿರೀಟ

ಸಭಿಕರೇ, ಮಹಾಜನರೇ, ತಾಯಂದಿರೇ! ಕೇಳಿರಿ, ತೀರಿಹೋದ ನನ್ನಣ್ಣ ಸೂಗಪ್ಪನಿಗೆ ಬರೆದ ಓಲೆಯಿದು!

ಅಣ್ಣಾ, ವಾರಸಾ ಪತ್ರಕ್ಕಾಗಿ ಕೋರ್ಟಿಗೆ ಸಾಮಾನಿನ ಪಟ್ಟಿ ಕೊಡಬೇಕೆಂದು ಇವತ್ತು ಜೇವರ್ಗಿ ಕಾಲೋನಿಯ ನಿನ್ನ ಮನೆ ಖಾಲಿ ಮಾಡಿದೆವು. ಇಲಿಹಿಕ್ಕೆ ತುಂಬಿದ ಟ್ರಂಕಿನಲ್ಲಿ ನಿನ್ನ ರಟ್ಟಿನ ಕಿರೀಟವಿತ್ತು. ರಂಗದ ಮೇಲೆ ಸತ್ತು ಬಿದ್ದರೂ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಎದ್ದು ಮತ್ತೊಮ್ಮೆ ಸಾಯುತ್ತಿದ್ದ ಮಹಾರಾಜ ನೀನು!

“ಥೂ, ಇದನ್ನೇನ್ ಬರ್ಕೋತಿಯೋ, ಹೊರಗ ಒಗಿ!” ಎಂದಳು ಅಕ್ಕ ಶಿವಕಾಂತಮ್ಮ. ಅವಳ ಮಗ ವಿವೇಕಾನಂದ ಅದನ್ನು ತಲೆಗಿಟ್ಟುಕೊಂಡು, ನೀನು ಪ್ರಾಣ ಬಿಟ್ಟ ಮಂಚದ ಮೇಲೆಯೇ ನರಳಿ ಬಿದ್ದ. “ಒನ್ಸ್ ಮೋರ್!” ಎಂದು ಎಲ್ಲರೂ ಕೇಕೆ ಹಾಕಿದರು. ಎಂಥ ಹೇಸಿಗೆ ಅಣ್ಣಾ! ಕಿರೀಟವನ್ನು ಅವನ ತಲೆಯಿಂದ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ.

ಆ ಕೊನೆಯ ದಿನ ನೀನು ಫೋನಿನಲ್ಲಿ, “ತಮ್ಮಾ, ಎದಿ ಹಿಡದದೋ, ಲಗೂನ ಬಾ” ಎಂದಾಗ ಅದೂ ನಿನ್ನ ನಾಟಕವೆಂದುಕೊಂಡು ನಾನೂ ನಕ್ಕು ‘ಒನ್ಸ್ ಮೋರ್’ ಎಂದು ಫೋನಿಟ್ಟಿದ್ದೆ.

ನಾಳೆ ಮುಂಜಾನೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಬರುತ್ತೇನೆ. ಕಿರೀಟವನ್ನು ನಿನ್ನ ಸಮಾಧಿಯ ಮೇಲಿಟ್ಟು, ಈ ಸಲ ‘ಒನ್ಸ್ ಮೋರ್’ ಎನ್ನದೆ ನಿಲ್ಲುತ್ತೇನೆ.