ಉಳಿ ಮುಟ್ಟದ ಕಲ್ಲು

ಅಗಸೆ ಕೀಳುವ ತಿಂಗಳು, ಒಂಬತ್ತನೆಯ ದಿನ

ಇವತ್ತೂ ಹನ್ನೊಂದು ಕಲ್ಲು ಕಡಿದೆ. ಮೊಣಕಾಲು ನೋವು. ಒಡೆದ ಎಣ್ಣೆ ಮಡಕೆಯ ಚೂರು ಸಿಕ್ಕಿತು, ಬರೆಯುತ್ತಿದ್ದೇನೆ. ಚೂರು ಮುಗಿದರೆ ನನ್ನ ಮಾತೂ ಮುಗಿಯಿತು. ಹೆಂಡತಿ ಹೊಗ್ಲಾಳ ಮಾತಿಗೆ ಅಂಥ ಅಂಚಿಲ್ಲ. ಅವಳಿಗೆ ಓದು ಬರುವುದಿಲ್ಲ, ಆ ಧೈರ್ಯದಿಂದ ಬರೆದೆ.

ಮಧ್ಯಾಹ್ನ ಅರಮನೆಯ ಕೆಲಸ ನೋಡಿಕೊಳ್ಳುವ ಎಲ್ಯಾದ ಬಂದ. ಬಾಯಲ್ಲಿ ಖರ್ಜೂರ.

"ಶಮ್ಮಾಯಿ ಮೇಸ್ತ್ರೀ, ಪೂರ್ವದ ಗುಡ್ಡದ ಮೇಲೆ ಒಂದು ಬಲಿಪೀಠ ಆಗ್ಬೇಕು."

"ಯಾರಿಗೆ?"

"ಮೋವಾಬಿನಿಂದ ಬಂದ ರಾಣಿಯಮ್ಮನ ದೇವರಿಗೆ. ಕೆಮೋಷನಿಗೆ."

"ಇದು ಯೆಹೋವನ ಆಲಯಕ್ಕೆ ಕಲ್ಲು ಕಡಿದ ಕೈ ಕಣಪ್ಪಾ."

"ಆಲಯ ಕಟ್ಸಿದೋರೇ ಇದನ್ನೂ ಕಟ್ಸು ಅಂದಿರೋದು. ಅರಸರಿಗಿಂತ ನಿಮ್ಗೇ ಜಾಸ್ತಿ ತಿಳೀತೇನು?"

ಒಂದು ಮಗುವಿಗೆ ಇಬ್ಬರು ತಾಯಂದಿರು ಜಗಳವಾಡಿದಾಗ ನಿಜವಾದ ತಾಯಿಯನ್ನು ಕಂಡುಹಿಡಿದ ಅರಸ. ಅವನ ಬುದ್ಧಿಯ ಮುಂದೆ ನನ್ನದೇನು? ಆದರೂ ಆಗದು ಎಂದೆ. ಎಲ್ಯಾದ ಬೀಜ ಉಗಿದು ಹೋದ.

ಹದಿಮೂರನೆಯ ದಿನ

ಮತ್ತೆ ಬಂದ. ಈ ಸಲ ಖರ್ಜೂರವಿಲ್ಲ, ಅಳಿಯನ ವಿಷಯ.

ಅಳಿಯ ಲೆಬನೋನಿನಲ್ಲಿ ಮರ ಕಡಿಯುವ ಬಿಟ್ಟಿ ಚಾಕರಿಯಲ್ಲಿದ್ದಾನೆ. ನಮ್ಮ ಮಗಳು ನೋವಾಗೆ ಈಗ ನಾಲ್ಕು ತಿಂಗಳು. ಹಿಂದಿನ ಎರಡು ಕೂಸೂ ಹುಟ್ಟುವಾಗಲೇ ಹೋದವು. ಎರಡು ಸಲವೂ ಅವನು ಊರಲ್ಲಿರಲಿಲ್ಲ.

"ಒಪ್ಕೊಳ್ಳಿ. ಕೊಯ್ಲಿನ ಹೊತ್ತಿಗೆ ಅವನು ಮನೇಲಿರ್ತಾನೆ. ಇಲ್ದಿದ್ರೆ ತೂರ್ ಪಟ್ಟಣದ ಶಿಲ್ಪಿಗಳಿದ್ದಾರೆ. ಬಲಿಪೀಠವಂತೂ ಆಗೇ ಆಗತ್ತೆ."

ಒಪ್ಪಿದೆ. ಬೈಯುವವರು ಬೈಯಲಿ.

ಹದಿನಾಲ್ಕು

ಒಂದು ದಾರಿ ಹೊಳೆಯಿತು. ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಗಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಉಳಿ ತಾಗಿದರೆ ಮೈಲಿಗೆ. ಹಾಗಾಗಿ ಇದನ್ನೂ ಕಡಿಯದ ಕಲ್ಲಿನಲ್ಲೇ ಕಟ್ಟುತ್ತೇನೆ, ಹೊಲದಲ್ಲಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ಜೋಡಿಸಿ. ನನ್ನ ಉಳಿ ಕೆಮೋಷನ ಕೆಲಸ ಮಾಡಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು.

ಹೊಗ್ಲಾಗೆ ಬೇರೆ ಹೇಳಿದೆ. ಅರಸನ ದ್ರಾಕ್ಷಿತೋಟಕ್ಕೆ ಗೋಡೆ ಹಾಕುವ ಕೆಲಸ ಎಂದೆ. ನಲವತ್ತು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು. ಮೊದಲನೆಯದಲ್ಲ... ಮೊದಲ ದೊಡ್ಡದು.

ಜವೆ ಕೊಯ್ಲಿನ ತಿಂಗಳು, ಇಪ್ಪತ್ತು

ಕೆಲಸ ಮುಗಿಯಿತು. ಚೆನ್ನಾಗಿ ಬಂದಿದೆ. ಹೀಗೆ ಬರೆಯಬಾರದು, ಆದರೆ ನಿಜ.

ರಾಣಿ ನೋಡಲು ಬಂದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಅವಳ ಮಾತು ನಮ್ಮದರಂತೆಯೇ, ತುಸು ಓರೆ. ಕಲ್ಲಿನ ಕಡೆ ನೋಡಲೇ ಇಲ್ಲ. ಪೂರ್ವಕ್ಕೆ ತಿರುಗಿ ನಿಂತಳು.

"ಅಜ್ಜ, ಆ ನೀಲಿ ಕಾಣ್ತಿದೆಯಲ್ಲ, ಉಪ್ಪಿನ ಸಮುದ್ರದಾಚೆ? ಅದು ನಮ್ಮೂರ ಬೆಟ್ಟ. ಇಡೀ ಜೆರೂಸಲೇಮಿನಲ್ಲಿ ಈ ಒಂದು ಗುಡ್ಡದ ಮೇಲಿಂದ ಮಾತ್ರ ಕಾಣತ್ತೆ."

ಆಮೇಲೆ ಕಲ್ಲು ಮುಟ್ಟಿ ನೋಡಿ, "ನಮ್ಮಜ್ಜಿ ಊರಲ್ಲೂ ಹೀಗೇ ಇತ್ತು, ಒರಟೊರಟಾಗಿ" ಎಂದಳು. ಕಣ್ಣು ತುಂಬಿತ್ತು. ನನಗೆ ನೋವಾಳ ನೆನಪಾಯಿತು.

ಅರಸ ಏಕೆ ಒಪ್ಪಿದನೋ ಅರ್ಥವಾಯಿತು. ಅತ್ತು ಕೇಳಿದರೆ ನಾನೂ ಇಲ್ಲವೆನ್ನುತ್ತಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನಿಗೆ ಮನೆಯಲ್ಲಿ ಬಾಯಿಲ್ಲ, ಅಷ್ಟೆ. ಆದರೆ ಅವನಿಗೆ ಮನೆ ಒಂದೇ? ಅಮ್ಮೋನ್ ದೇಶದ ರಾಣಿಯಿದ್ದಾಳೆ, ಸೀದೋನಿನವಳಿದ್ದಾಳೆ. ಒಬ್ಬೊಬ್ಬಳ ಕಣ್ಣೀರಿಗೂ ಒಂದೊಂದು ಗುಡ್ಡ ಎಂದರೆ ಯೆಹೋವನಿಗೆ ಉಳಿಯುವುದು ಯಾವುದು?

ಗೋದಿ ಕೊಯ್ಲಿನ ತಿಂಗಳು, ಎರಡು

ಅಳಿಯ ಬಂದ. ಕೃಶವಾಗಿದ್ದಾನೆ, ಆದರೆ ಜೀವಂತ. ಹೊಗ್ಲಾ ಮಸೂರದ ಸಾರು ಮಾಡಿ ಅವನಿಗೆ ಮೂರು ಬಟ್ಟಲು ಬಡಿಸಿದಳು. ನನಗೆ ಒಂದು. ಎಲ್ಯಾದ ಮಾತು ಉಳಿಸಿಕೊಂಡ. ನಿರಾಳ.

ಬಳ್ಳಿ ಸವರುವ ತಿಂಗಳು, ಹನ್ನೊಂದು

ಎರಡು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ, ಈಗ ಇದೆ.

ಹೊಗ್ಲಾ ಬೆಳಿಗ್ಗೆ ಎದ್ದು ಗೋದಿ ರೊಟ್ಟಿ ಸುಟ್ಟು ಬುಟ್ಟಿ ಹೊತ್ತು ಹೋದಳು. ಉಣ್ಣುವ ಹೊತ್ತಿಗೆ ಬಂದಳು. ಮುಖ ಅರಳಿತ್ತು.

"ಎಲ್ಲಿಗೆ ಹೋಗಿದ್ಯೇ?"

"ಪೂರ್ವದ ಗುಡ್ಡಕ್ಕೆ ರೀ. ಅಲ್ಲೊಂದು ಬಲಿಪೀಠ ಆಗಿದೆ, ನೀವು ನೋಡ್ಬೇಕು! ಉಳಿ ಮುಟ್ಟದ ಕಲ್ಲು. ನಮ್ಮಜ್ಜಂದಿರ ಕಾಲದ ಹಾಗೇ. ಯಾರೋ ದೇವರ ಭಯ ಇರೋ ಪುಣ್ಯಾತ್ಮ ಕಟ್ಟಿದ್ದಾನೆ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಯಾರ ದೇವರು ಅಂತ ಕೇಳಿದ್ಯಾ?"

"ಕೇಳೋದೇನು ರೀ? ಕಲ್ಲು ನೋಡಿದ್ರೆ ಗೊತ್ತಾಗಲ್ವಾ! ಮೇಸ್ತ್ರಿ ಹೆಂಡತಿ ನಾನು. ಬೇರೆಯವರ ದೇವರಿಗೆ ಉಳಿ ಮುಟ್ಟದ ಕಲ್ಲು ಯಾರಿಡ್ತಾರೆ? ಆಲಯದಲ್ಲಾದ್ರೆ ಬೆಳ್ಳಿ ಬಟ್ಟಲಿನವರು ಮುಂದೆ, ನಾವು ಹಿಂದೆ. ನಮ್ಮ ದನಿ ದೇವರವರೆಗೆ ಹೋಗೋದು ಯಾವಾಗ? ಇಲ್ಲಿ ಕಲ್ಲಿಗೆ ಕೈಯಿಟ್ಟು ಹೇಳ್ಕೊಂಡೆ. ನೋವಾಗೆ ಉಸಿರಾಡೋ ಕೂಸು ಕೊಡು, ಕುರಿಮರಿ ತರ್ತೀನಿ ಅಂತ. ನಮ್ಮ ಬೀದಿ ಹೆಂಗಸರೂ ಬಂದಿದ್ರು."

ನಾನು ನನ್ನ ಉಳಿ ಉಳಿಸಿಕೊಂಡೆ, ನನ್ನವಳನ್ನೇ ಕೆಮೋಷನ ಬಳಿಗೆ ಕಳಿಸಿಕೊಟ್ಟೆ. ತೂರಿನವನು ಕಟ್ಟಿದ್ದರೆ ಹೂಬಳ್ಳಿ ಕೆತ್ತುತ್ತಿದ್ದ, ದೂರದಿಂದಲೇ ನೋಡಿ ಇವಳು ತಿರುಗಿ ಬರುತ್ತಿದ್ದಳು.

ಹೇಳಬೇಕಿತ್ತು. ಹೇಳಲಿಲ್ಲ.

ಹನ್ನೆರಡು

ಉಳಿ ತೆಗೆದುಕೊಂಡು ಗುಡ್ಡ ಹತ್ತಿದೆ. ಮೇಲಿನ ಕಲ್ಲಿಗೆ ಮೂರು ಏಟು ಹಾಕಿದರೆ ಸಾಕು, ಗುರುತು ನೋಡಿ ನಮ್ಮ ಹೆಂಗಸರು ದೂರವಾಗುತ್ತಾರೆ ಎಂದುಕೊಂಡೆ.

ರಾಣಿ ಅಲ್ಲೇ ಕೂತಿದ್ದಳು, ಪೂರ್ವ ನೋಡುತ್ತ. ಪಕ್ಕದಲ್ಲಿ ಒಬ್ಬಳೇ ದಾಸಿ.

"ಅಜ್ಜ, ನಿಮ್ಮೂರ ಹೆಂಗಸರೂ ಬರ್ತಾರೆ ಈಗ. ನೆನ್ನೆ ಒಬ್ಬರು ನಂಗೂ ರೊಟ್ಟಿ ಕೊಟ್ಟು, 'ತಿನ್ನು ಮಗಳೇ' ಅಂದ್ರು. ಈ ಊರಿಗೆ ಬಂದ ಮೇಲೆ ನನ್ನ ಯಾರೂ ಹಾಗೆ ಕರೆದಿರಲಿಲ್ಲ."

ಹೊಗ್ಲಾಳೇ ಇರಬೇಕು. ಕಂಡವರಿಗೆಲ್ಲ ತಿನ್ನಿಸುವುದು ಅವಳ ಚಾಳಿ. ಉಳಿ ಸೊಂಟದಲ್ಲೇ ಉಳಿಯಿತು. ಇಳಿದು ಬಂದೆ. ಹೇಡಿ ನಾನು.

ಬೇಸಿಗೆ ಹಣ್ಣಿನ ತಿಂಗಳು, ಐದು

ನೋವಾ ಹೆತ್ತಳು. ಹೆಣ್ಣು ಕೂಸು. ಅತ್ತಿತಂತೆ! ಅತ್ತು ಅತ್ತು ಸೂಲಗಿತ್ತಿಯ ಕಿವಿ ಕಿವುಡಾಗುವ ಹಾಗೆ. ಓಡಿ ಬಂದು ಹೇಳಿದ ಅಳಿಯನೂ ಅಳುತ್ತಿದ್ದ. ನಾನೂ ಅತ್ತೆ. ಅಂಜೂರದ ಮರದ ಕೆಳಗೆ ಕೂತು ಯೆಹೋವನಿಗೆ ಕೈಯೆತ್ತಿದೆ.

ಹೊಗ್ಲಾ ಗುಡ್ಡದ ಕಡೆ ತಿರುಗಿ ಕೈಯೆತ್ತಿದಳು.

ಏಳು

ಕುರಿಮರಿ ಬಂದಿದೆ. ನಾಳೆ ಹರಕೆ. "ಮಗು ಸ್ವಲ್ಪ ಬಲೀಲಿ, ಆಮೇಲೆ ಅದನ್ನೂ ಆ ಕಲ್ಲಿನ ಮುಂದೆ ಮಲಗಿಸ್ಬೇಕು ರೀ. ವರ್ಷ ವರ್ಷ ಹೋಗೋಣ" ಎಂದಳು. ಹೂಂ ಎಂದೆ.

ಇವತ್ತು ಕೂಸು, ನಾಳೆ ಕೂಸಿನ ಕೂಸು. ಒಂದು ಹೂಂನಿಂದ ಎಷ್ಟು ತಲೆಮಾರು ಆ ಗುಡ್ಡ ಹತ್ತಬೇಕು? ಅರಸನೂ ಇಷ್ಟೇ ಅಲ್ಲವೇ ಮಾಡಿದ್ದು. ಯಾರನ್ನೋ ನೋಯಿಸಬಾರದೆಂದು ಹೂಂ ಎಂದ.

ಎಂಟು, ಬೆಳಿಗ್ಗೆ

ಗುಡ್ಡದ ಬುಡದ ಕಿದ್ರೋನ್ ಹಳ್ಳದ ಈಚೆ ದಡ. ಮರಿಯನ್ನು ನಾನೇ ಹೆಗಲ ಮೇಲೆ ಹೊತ್ತು ತಂದೆ. ಹೊಗ್ಲಾ ಕಾಲು ತೊಳೆಯುತ್ತಿದ್ದಾಳೆ. ದಾಟುವ ಮೊದಲೇ ಹೇಳಬೇಕು. ದಾಟಿದರೆ ನನ್ನಿಂದಾಗದು. ನಂಬುತ್ತಾಳೋ, ಉಗಿಯುತ್ತಾಳೋ, ಕೂಸಿಗೇನಾದರೂ ಕೇಡಾದೀತೆಂದು ಎದೆ ಒಡೆದುಕೊಳ್ಳುತ್ತಾಳೋ. ಬಾಯಿಗೆ ಬಾರದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಹೊಗ್ಲಾ, ಕೂತ್ಕೋ. ನೀನು ಹೇಳ್ತಿದ್ದ ಆ ಪುಣ್ಯಾತ್ಮ ನಾನೇ. ಆ ಕಲ್ಲು ಜೋಡಿಸಿದ್ದು ನಾನು. ಅಲ್ಲಿರೋದು

ಬಂದಳು. ಮರಿಯ ಕೊರಳಿಗೆ ಕೆಂಪು ಕಾಡುಹೂ ಕಟ್ಟಿದ್ದಾಳೆ. "ಏನ್ರೀ ಬರೀತಿದೀರಿ, ಬನ್ನಿ, ಬಿಸಿಲೇರತ್ತೆ" ಎಂದು ಕೈ ಚಾಚಿ ನಗುತ್ತಿದ್ದಾಳೆ.

ಅಲ್ಲಿರೋದು