ಏಳನೆಯ ಸಂಖ್ಯೆಯ ಕಂಬ

ಲಿಂಡೆನ್‌ರೋಡೆ
೩೦ ನವೆಂಬರ್ ೧೯೨೬

ನನ್ನ ಮುದ್ದಿನ ಹೆಡ್ವಿಗ್,

ನೀನೂ ಕೂಸೂ ಕ್ಷೇಮವೆಂದು ಓದಿ ಕಣ್ಣು ತುಂಬಿತು. ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಅರಮನೆಯ ಬೆಳ್ಳಿಯ ಮೇಣದಬತ್ತಿ ಕಂಬಗಳೆರಡನ್ನೂ ಕಳಿಸು ಅಂತ ನೀನು ಬರೆದಿದ್ದೆ. ನಿನ್ನೆ ಒಂದನ್ನು ಮಾತ್ರ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ಮುನಿಸಿಕೊಳ್ಳಬೇಡ, ಕಾರಣ ಹೇಳುತ್ತೇನೆ.

ರಾಣಿಯವರು ನಮ್ಮ ತಾತನ ಸೇವೆಗೆ ಮೆಚ್ಚಿ ಅವನ್ನು ಕೊಟ್ಟರೆಂದು ನಿಮಗೆಲ್ಲ ಹೇಳಿದ್ದೆನಲ್ಲ, ಅದು ಸುಳ್ಳು. ತಾತ ಅರಮನೆಯ ಬೆಳ್ಳಿಕೋಣೆಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ಪುಟ್ಟ ರಾಜಕುಮಾರ ತೀರಿಕೊಂಡಾಗ ಈ ಜೋಡಿ ಮೂರು ದಿನ ಅವನ ತಲೆದೆಸೆಯಲ್ಲಿ ಉರಿಯಿತು. ಶವದ ಬಳಿ ಉರಿದದ್ದು ಮತ್ತೆ ಊಟದ ಮೇಜಿಗೆ ಬರಬಾರದೆಂಬುದು ಅಲ್ಲಿಯ ಕಟ್ಟಳೆ. ಯಾರೂ ಮುಟ್ಟದ್ದನ್ನು ತಾತ ಮನೆಗೆ ತಂದರು.

ತಳದಲ್ಲಿ ಕಿರೀಟ, ಅದರ ಕೆಳಗೆ ಒಂದಕ್ಕೆ ಏಳು, ಇನ್ನೊಂದಕ್ಕೆ ಎಂಟು ಎಂಬ ಸಂಖ್ಯೆ, ಪಕ್ಕದಲ್ಲಿ ಮೊದಲ ತೂಕ ಕೆತ್ತಿದೆ. ಬೆಳ್ಳಿಕೋಣೆಯ ಪದ್ಧತಿಯಂತೆ ತಾತ ಪ್ರತಿ ವರ್ಷ, ಕ್ರಿಸ್ಮಸ್ಸಿಗೆ ಕಾಯುವ ನಾಲ್ಕು ವಾರದ ಆಗಮನ ಕಾಲ ಶುರುವಾಗುವ ಮುಂಚಿನ ಶನಿವಾರ, ಎರಡನ್ನೂ ಉಜ್ಜಿ ತೂಗುತ್ತಿದ್ದರು. ನನಗೆ ಏಳು ವರ್ಷವಾಗಿದ್ದಾಗ ಒಂದು ಹೆಚ್ಚು ತೂಗಿತು. ಅಜ್ಜಿ ತನ್ನ ಮದುವೆಯುಂಗುರ ಬಿಚ್ಚಿ ತೂಕದ ಕಲ್ಲುಗಳ ಜೊತೆ ಇಟ್ಟ ಮೇಲೆ ತಟ್ಟೆ ಸಮವಾಯಿತು. "ಉಜ್ಜಿದ್ರೆ ಬೆಳ್ಳಿ ಸವೀಬೇಕು ಕಣೇ! ಉಂಡು ದಪ್ಪಗಾಗೋಕೆ ಅದಕ್ಕೇನು ಹೊಟ್ಟೆ ಇದ್ಯಾ?" ಅಂತ ತಾತ ನಕ್ಕರು. ಕ್ರಿಸ್ಮಸ್ಸಿಗೆ ಮುಂಚೆ ನನ್ನ ತಮ್ಮ ಎಮಿಲ್ ತೀರಿಹೋದ. ಮರುದಿನ ತೂಕ ಮತ್ತೆ ಕೆತ್ತಿದಷ್ಟಕ್ಕೇ ಇಳಿದಿತ್ತು.

ನಿನ್ನ ದೊಡ್ಡಪ್ಪ ತೀರಿಕೊಂಡ ವರ್ಷವೂ ಹಾಗೇ ಆಯಿತು. ನೀನಾಗ ಎಂಟು ವರ್ಷದವಳು. ನಾನು ಅಕ್ಕಸಾಲಿಗ ಲೂಡರ್ಸ್ ಅಂಗಡಿಗೆ ಓಡಿದೆ. "ನಿಮ್ಮ ತಕ್ಕಡಿಗೆ ವಯಸ್ಸಾಗಿದೆ ಅಮ್ಮಾವ್ರೇ, ಅದನ್ನ ಬೈಬೇಡಿ" ಅಂದವನು, ತನ್ನ ತಕ್ಕಡಿಯಲ್ಲೂ ಅಷ್ಟೇ ಹೆಚ್ಚು ಕಂಡು ಕಂಬವನ್ನು ನನ್ನ ಕಡೆಗೆ ತಳ್ಳಿಬಿಟ್ಟ. ಕಂಬ ಯಾರ ಸೂರಿನಡಿ ಇರುತ್ತದೋ ಆ ಮನೆಯವರನ್ನೇ ಅದು ಕರೆಯುತ್ತದೆ ಮಗಳೇ.

ಈ ಶನಿವಾರ ಏಳನೆಯದು ಒಂದುಂಗುರ ಹೆಚ್ಚು ತೂಗಿತು. ಎಂಟನೆಯದು ಸರಿಯಾಗಿತ್ತು, ಅದಕ್ಕೇ ಅದನ್ನು ನಿನಗೆ ಕಳಿಸಿದೆ. ಏಳನೆಯದು ನನ್ನ ಮಂಚದ ಪಕ್ಕದಲ್ಲಿದೆ. ಅರವತ್ತೆಂಟಾಯಿತು, ಸೂರಿನಡಿ ಇರುವವಳು ನಾನೊಬ್ಬಳೇ. ಅಳಬೇಡ. ಗಸಗಸೆ ಕೇಕಿನ ಅಳತೆ ಈ ಹಾಳೆಯ ಹಿಂಬದಿಯಲ್ಲಿದೆ, ಸಕ್ಕರೆ ಜಾಸ್ತಿ ಸುರಿಯಬೇಡ. ಪೆಟ್ಟಿಗೆ ಎತ್ತಿಕೊಂಡ ಅಂಚೆಯ ಬ್ರಾಂಟ್ ನಿನ್ನೆ "ಏನಜ್ಜಿ, ಕೂಸಿಗೆ ಕಲ್ಲು ತುಂಬಿ ಕಳಿಸ್ತಿದ್ದೀರಾ?" ಅಂತ ಗೇಲಿ ಮಾಡಿದ. ನನಗೂ ನಗು ಬಂತು.

ಕೂಸಿನ ಎರಡೂ ಅಂಗಾಲಿಗೆ ನನ್ನ ಮುತ್ತು.

ನಿನ್ನ ದೊಡ್ಡಮ್ಮ
ಒಟಿಲಿಯ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು, ಯಾಕೋ ಏನೋ, ಏಳನೆಯದನ್ನು ಇನ್ನೊಮ್ಮೆ ತೂಗಿದೆ. ಕೆತ್ತಿದಷ್ಟೇ ಇದೆ. ಉಂಗುರ ಇಟ್ಟರೆ ಕಲ್ಲಿನ ತಟ್ಟೆ ಕೆಳಗಿಳಿಯುತ್ತದೆ. ನಾನು ಬದುಕೇ ಇದ್ದೇನೆ ಹೆಡ್ವಿಗ್. ಪೆಟ್ಟಿಗೆ ಬರಲು ನಾಲ್ಕು ದಿನ ಬೇಕು, ಈ ಕಾಗದ ಎರಡೇ ದಿನದಲ್ಲಿ ಮುಟ್ಟುತ್ತದೆ. ಬ್ರಾಂಟ್ ಹೇಳಿದ ಭಾರ ಈಗ ಪೆಟ್ಟಿಗೆಯಲ್ಲಿರುವ ಎಂಟನೆಯದರಲ್ಲಿದೆ. ಹೊಸಿಲು ದಾಟಿಸಬೇಡ. ಬಾಗಿಲಲ್ಲೇ ನಿಲ್ಲಿಸಿ ನನ್ನ ವಿಳಾಸಕ್ಕೆ ವಾಪಸ್ ಕಳಿಸು. ನಾನು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತೇನೆ.