ಹತ್ತು ವರ್ಷದ ದುಭಾಷಿ

ವಲಸೆ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಕಚೇರಿಯ ಇಬ್ಬರು ನಮ್ಮ ಕಟ್ಟಡಕ್ಕೆ ಬಂದು, ಒಂದು ಕುಟುಂಬವನ್ನು ಸ್ವೀಡನ್ನಿನಿಂದ ಹೊರಹಾಕುವ ತೀರ್ಮಾನವನ್ನು ಆ ಮನೆಯ ಹತ್ತು ವರ್ಷದ ಹುಡುಗಿಯ ಬಾಯಿಂದಲೇ ಹೇಳಿಸಲು ಹೊರಟರು. ದುಭಾಷಿ ಹಿಮದಲ್ಲಿ ಸಿಕ್ಕಿಕೊಂಡಿದ್ದರಂತೆ. ಹುಡುಗಿಗೆ ನಮ್ಮ ಭಾಷೆ ಬರುತ್ತದಲ್ಲ, ಇನ್ನೇನು ಬೇಕು? ನಮ್ಮ ಶಾಲೆ ಕಲಿಸಿದ ಭಾಷೆಗೆ ಎಂಥ ಸದ್ಬಳಕೆ!

ನಾನು ಎದುರು ಮನೆಯವಳು. ಅಂದು ಅಲ್ಲೇ ಕುಳಿತಿದ್ದೆ. ಅವರು ಓಶ್ ಪಟ್ಟಣದ ಜನಾಂಗೀಯ ಗಲಭೆಯಿಂದ ಜೀವ ಉಳಿಸಿಕೊಂಡು ಬಂದ ಉಜ್ಬೆಕರು. ತಂದೆ ಕೆಲಸಕ್ಕೆ ಹೋಗಿದ್ದರು. ತಾಯಿ ಹೋಸಿಯತ್ ನೆಲದ ಮೇಲೆ ಬಟ್ಟೆ ಹಾಸಿ, ದುಂಡನೆಯ ರೊಟ್ಟಿ ಮುರಿದು, ನಿಮ್ಮವರ ಮುಂದೆ ಚಹಾ ಇಟ್ಟರು. ಅತಿಥಿಗಾಗಿ ಮುರಿದ ರೊಟ್ಟಿಯ ಮುಂದೆ ಕೆಟ್ಟ ಸುದ್ದಿ ಆಡಬಾರದೆಂದು ಆ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ್ದಾರೆ. ನಿಮ್ಮವರು ಮಾತು ಮುಗಿಸಿದಾಗ ತಾಯಿ ಕೇಳಿದರು: "ಏನಂತಾರೆ, ಮಗಳೇ?"

"ಚಳಿ ಜಾಸ್ತಿಯಲ್ವಾ, ಆರಾಮಾಗಿದೀರಾ ಅಂತ ಕೇಳ್ತಿದಾರೆ" ಎಂದಳು ಆ ಹುಡುಗಿ, ಮಹ್ಲಿಯೊ.

ತಾಯಿ ನಕ್ಕರು. "ಪಾಪ, ಎಷ್ಟು ಬಡಕಲಾಗಿದಾರೆ. ಇನ್ನೊಂದು ಚೂರು ತಿನ್ನೋಕೆ ಹೇಳು."

ಈ ಮಾತುಗಳ ಅರ್ಥ ನನಗೆ ತಿಳಿದದ್ದು ವಾರಗಳಾದ ಮೇಲೆ, ದುಭಾಷಿಯೊಬ್ಬರ ಮೂಲಕ ತಾಯಿಯಿಂದಲೇ; ಅಲ್ಲಿಯವರೆಗೆ ಹುಡುಗಿ ಎಲ್ಲವನ್ನೂ ಹೇಳಿದ್ದಾಳೆಂದೇ ನಂಬಿದ್ದೆ. ನಿಮ್ಮವರು ತಿಂದು ಎದ್ದರು. ಕುಟುಂಬವು ತೀರ್ಮಾನವನ್ನು ಶಾಂತವಾಗಿ ಸ್ವೀಕರಿಸಿತೆಂದು ಅವರ ವಕೀಲರಿಗೆ ತಿಳಿಸಿದಿರಿ. ಆ ಸುದ್ದಿಯನ್ನು ಮಗುವೊಂದೇ ಹೊತ್ತು ಓಡಾಡಿತು. ಮೊದಲು ಶಾಲೆಯಲ್ಲಿ ಮಾತು ನಿಂತಿತು, ಆಮೇಲೆ ಊಟ. ವಸಂತ ಬರುವ ಹೊತ್ತಿಗೆ ಕಣ್ಣು ತೆರೆಯುವುದೂ ನಿಂತಿತು. ಈಗ ಮೂಗಿನ ನಳಿಗೆಯಲ್ಲಿ ಆಹಾರ. ಅವಳ ಕೈ ಎತ್ತಿಬಿಟ್ಟರೆ ಅದು ಬೇರೆ ಯಾರದ್ದೋ ಕೈಯಂತೆ ಬೀಳುತ್ತದೆ.

ಈ ದೇಶದಲ್ಲಿ ಹಿಂದೆಯೂ ನಿರಾಶ್ರಿತರ ನೂರಾರು ಮಕ್ಕಳು, ಹೊರಹಾಕುತ್ತಾರೆಂಬ ಭಯಕ್ಕೆ, ಹೀಗೇ ಎಚ್ಚರವಿಲ್ಲದೆ ಮಲಗಿದ್ದರು. ಅವರು ನಟಿಸುತ್ತಿದ್ದಾರೆ, ಹೆತ್ತವರೇ ಏನೋ ಕುಡಿಸುತ್ತಿದ್ದಾರೆ ಎಂದ ದೊಡ್ಡವರ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಇನ್ನು ಓಡಬೇಕಿಲ್ಲ ಎಂಬ ಭರವಸೆ ಮನೆಯಲ್ಲಿ ಮೂಡಿದ ಮೇಲೆ ಎಷ್ಟೋ ಮಕ್ಕಳು ನಿಧಾನವಾಗಿ ಎಚ್ಚೆತ್ತದ್ದೂ ಮರೆತಿಲ್ಲ. ನೀವು ಕೊಟ್ಟ ಭರವಸೆ ಏನು? ಮಹ್ಲಿಯೊಳನ್ನು ಸ್ಟ್ರೆಚರ್ ಮೇಲೆ, ನರ್ಸ್ ಜೊತೆಗೆ, ವಿಮಾನ ಹತ್ತಿಸಬಹುದು ಎಂದು. ನರ್ಸನ್ನು ಒದಗಿಸುವ ನಿಮ್ಮ ಔದಾರ್ಯಕ್ಕೆ ಏನೆನ್ನಲಿ?

ಆದರೆ ಇವತ್ತು ನನ್ನನ್ನು ಬರೆಯಲು ಕೂರಿಸಿದ್ದು ಸಿಟ್ಟಲ್ಲ, ಭಯ. ಅವಳ ತಂಗಿ ಓಯ್ದಿನ್‌ಗೆ ಆರು ವರ್ಷ. "ಅಜ್ಜಿ, ನಿನಗಿಂತ ನಿನ್ನ ಬೆಕ್ಕೇ ಚೆನ್ನಾಗಿ ಉಜ್ಬೆಕ್ ಮಾತಾಡುತ್ತೆ" ಎಂದು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದವಳು. ನಿನ್ನೆ ನಾನು ಒಯ್ದ ಸಾರನ್ನು ಪಕ್ಕಕ್ಕೆ ತಳ್ಳಿದಳು. ಬಹಳ ಕೇಳಿದ ಮೇಲೆ ಪಿಸುಗುಟ್ಟಿದಳು: "ಅಕ್ಕ ಅವರ ಹತ್ರ ಮಾತಾಡಿದ್ದಕ್ಕೇ ಹೀಗಾಗಿದ್ದು. ನಾನು ಮಾತಾಡಲ್ಲ." ಆಮೇಲೆ ಅವಳ ಬಾಯಿಂದ ಒಂದು ಪದವೂ ಬಂದಿಲ್ಲ.

ಮಗುವನ್ನು ದುಭಾಷಿಯಾಗಿ ಬಳಸಲು ಅನುಮತಿ ಕೊಟ್ಟವರು ಯಾರು? ಆ ತೀರ್ಮಾನವನ್ನು ಹಿಂದಕ್ಕೆ ಪಡೆಯುತ್ತೀರೋ ಇಲ್ಲವೋ? ನನಗೆ ಖಾಸಗಿ ಪತ್ರ ಬೇಡ. ಈ ಬಹಿರಂಗ ಪತ್ರ ಅಚ್ಚಾಗುವ ಇದೇ ಪತ್ರಿಕೆಯಲ್ಲಿ, ನಿಮ್ಮ ಹೆಸರು ಹಾಕಿ, ಊರೆಲ್ಲ ಓದುವಂತೆ ಉತ್ತರಿಸಿ. ಓಯ್ದಿನ್ ಇನ್ನೂ ಕಣ್ಣು ತೆರೆದಿರುವಾಗಲೇ ಉತ್ತರಿಸಿ.

ಇಂತಿ,
ಎದುರು ಬಾಗಿಲ ಸದ್ದಿಗೆ ಕಿವಿಗೊಟ್ಟು ಕುಳಿತಿರುವ,
ಗುನ್ವೊರ್ ಹೆಡ್‌ಲುಂಡ್
ನಿವೃತ್ತ ಇತಿಹಾಸ ಶಿಕ್ಷಕಿ